ನನ್ನ ಕೀಬೋರ್ಡ್ ಮುರಿದಿಲ್ಲ, ಅದು ಇರೋದೇ ಹಾಗೆ

ಈ ಕೀಬೋರ್ಡ್ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಯ್ಯೋ, ಮುರಿದು ಹೋಯ್ತಾ?" ಇಲ್ಲ, ಮುರಿದಿಲ್ಲ. ಎಡಗೈಗೆ ಒಂದು ತುಂಡು, ಬಲಗೈಗೆ ಒಂದು ತುಂಡು, ನಡುವೆ ಒಂದು ವೈರು. ಕೀಗಳ ಮೇಲೆ ಒಂದಕ್ಷರವೂ ಇಲ್ಲ, ಎಲ್ಲ ಬೋಳು. ಸಾಲದ್ದಕ್ಕೆ ಅಕ್ಷರಗಳ ಜೋಡಣೆಯೂ ಬೇರೆ. ಲೋಕವೆಲ್ಲ ಬಳಸುವ ಕ್ವೆರ್ಟಿ ಅಲ್ಲ, ಡ್ವೊರಾಕ್. ಹದಿನಾಲ್ಕು ತಿಂಗಳಿಂದ ದಿನಕ್ಕೆ ಎಂಟೊಂಬತ್ತು ಗಂಟೆ ಇದರ ಮೇಲೇ ಕೈ ಆಡಿಸುತ್ತಿದ್ದೇನೆ. ಒಂದು ವಾರ ಬಳಸಿ ಹೊಗಳಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಸ್ವಲ್ಪ ತಡವಾಗಿ ಬರೆಯುತ್ತಿದ್ದೇನೆ ಅಷ್ಟೇ.

ತಯಾರಿಸಿದವರ ಹೆಸರು ಬರೆಯುವುದಿಲ್ಲ. ಎರಡು ಮೂರು ಜನ ಸೇರಿ ನಡೆಸುವ ಸಣ್ಣ ವ್ಯವಹಾರ, ಬೈದು ಅವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ಆದರೆ ಬೈಯುವ ವಿಷಯ ಇದೆ. ಇಂಥ ಕೀಬೋರ್ಡ್‌ಗಳು ಸಾಮಾನ್ಯವಾಗಿ ಗ್ರೂಪ್ ಬೈ ಲೆಕ್ಕದಲ್ಲಿ ಸಿಗುತ್ತವೆ. ಮೊದಲೇ ದುಡ್ಡು ಕಟ್ಟಬೇಕು, ಸಾಕಷ್ಟು ಜನ ಸೇರಿದ ಮೇಲೆ ತಯಾರಿ ಶುರು, ಆಮೇಲೆ ತಿಂಗಳುಗಟ್ಟಲೆ ಕಾಯುವುದು. ನಾನು ಏಳು ತಿಂಗಳು ಕಾದೆ. ಪೆಟ್ಟಿಗೆ ಬಿಚ್ಚಿ, ಪ್ರತಿ ಕೀ ಕೆಳಗೆ ಕೂರುವ ಸ್ವಿಚ್‌ಗಳನ್ನೆಲ್ಲ ಒಂದೊಂದಾಗಿ ಒತ್ತಿ ಕೂರಿಸಿ, ವೈರು ಸಿಕ್ಕಿಸಿ ನೋಡಿದರೆ ಬಲಗಡೆಯ ಒಂದು ಕೀ ಸತ್ತಿದೆ. ತಿರುಗಿಸಿ ನೋಡಿದೆ. ಸ್ವಿಚ್ ಸಿಕ್ಕಿಸುವ ಸಾಕೆಟ್‌ನ ಒಂದು ಕಾಲಿಗೆ ಬೆಸುಗೆಯೇ ಬಿದ್ದಿರಲಿಲ್ಲ. ಅವರಿಗೆ ಬರೆದರೆ, "ನಿಮ್ಮ ಹತ್ರ ಸಾಲ್ಡರಿಂಗ್ ಐರನ್ ಇದ್ದೇ ಇರುತ್ತಲ್ವಾ?" ಅಂತ ಉತ್ತರ ಬಂತು. ಕೋಪ ಬಂತು ನಿಜ. ಆದರೆ ಇತ್ತು, ಏನು ಮಾಡೋದು.

ಆಕಾರದ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ನಿಜವಾಗಿ ದುಡ್ಡಿಗೆ ತಕ್ಕ ಸುಖ ಸಿಕ್ಕಿದ್ದು ಅಲ್ಲೇ. ನಿಮ್ಮ ಕೀಬೋರ್ಡ್ ಒಮ್ಮೆ ನೋಡಿ. ಒಂದು ಸಾಲಿನ ಕೀಗಳು ಇನ್ನೊಂದು ಸಾಲಿನ ನೇರಕ್ಕೆ ಇರುವುದಿಲ್ಲ, ಓರೆಯಾಗಿ ಸರಿದಿರುತ್ತವೆ. ನಮ್ಮ ಬೆರಳು ಓರೆಯಾಗಿವೆ ಅಂತ ಹಾಗೆ ಮಾಡಿದ್ದಲ್ಲ. ಹಳೇ ಟೈಪ್‌ರೈಟರ್‌ನಲ್ಲಿ ಪ್ರತಿ ಕೀ ಕೆಳಗೂ ಒಂದು ಸರಳು ಹಾದು ಹೋಗಬೇಕಿತ್ತು. ಆ ಸರಳುಗಳು ಒಂದಕ್ಕೊಂದು ಅಡ್ಡ ಬರದಿರಲಿ ಅಂತ ಕೀಗಳನ್ನು ಪಕ್ಕಕ್ಕೆ ಸರಿಸಿದರು. ಸರಳು ಹೋಯಿತು, ಓರೆ ಉಳಿಯಿತು. ಈ ಕೀಬೋರ್ಡ್‌ನಲ್ಲಿ ಕೀಗಳು ನೆಟ್ಟಗೆ ಕಂಬದ ಹಾಗೆ ನಿಂತಿವೆ. ನಡುಬೆರಳು ಉದ್ದ, ಅದರ ಕಂಬ ಒಂಚೂರು ಮೇಲೆ. ಕಿರುಬೆರಳು ಗಿಡ್ಡ, ಅದರದ್ದು ಕೆಳಗೆ. ಎರಡೂ ತುಂಡನ್ನು ಭುಜದಷ್ಟು ಅಗಲಕ್ಕೆ ಇಟ್ಟುಕೊಂಡರೆ ಮಣಿಕಟ್ಟು ಹೊರಕ್ಕೆ ಸೊಟ್ಟ ತಿರುಗುವುದಿಲ್ಲ. ಸಂಜೆ ಹೊತ್ತಿಗೆ ಮಣಿಕಟ್ಟಿನ ಹೊರಬದಿಯಲ್ಲಿ ಜುಂ ಅನ್ನುವ ನೋವು ನನಗೆ ಮೂರು ವರ್ಷದಿಂದ ಇತ್ತು, ಎರಡೇ ತಿಂಗಳಲ್ಲಿ ಕಡಿಮೆಯಾಯಿತು. ನನ್ನ ಕೈ ಕಥೆ ಇದು, ವೈದ್ಯರ ಸಲಹೆ ಅಲ್ಲ.

ಇನ್ನು ಡ್ವೊರಾಕ್. ಇದನ್ನು ಕಲಿಯುವುದು ಒಂಥರಾ ಶಿಕ್ಷೆ. ನಿಮಿಷಕ್ಕೆ ಎಪ್ಪತ್ತು ಪದ ಹೊಡೆಯುತ್ತಿದ್ದವನು ಹನ್ನೊಂದಕ್ಕೆ ಇಳಿದೆ. ಇಪ್ಪತ್ತಾರು ಅಕ್ಷರಗಳಲ್ಲಿ ಎ ಮತ್ತು ಎಂ ಮಾತ್ರ ಹಳೇ ಜಾಗದಲ್ಲಿವೆ, ಉಳಿದವೆಲ್ಲ ಮನೆ ಬದಲಿಸಿವೆ. ಮೊದಲ ಮೂರು ವಾರ ಆಫೀಸಿನ ಚಾಟ್‌ನಲ್ಲಿ ನನ್ನ ಉತ್ತರಗಳು "ಸರಿ", "ಹೂಂ", "ಆಯ್ತು" ಅಷ್ಟೇ. ಅದಕ್ಕಿಂತ ಉದ್ದದ್ದು ಬರೆಯಲು ಕೈ ಓಡುತ್ತಿರಲಿಲ್ಲ. ನಾನು ಯಾರ ಮೇಲೋ ಮುನಿಸಿಕೊಂಡಿದ್ದೇನೆ ಅಂತ ಇಬ್ಬರು ಬಂದು ವಿಚಾರಿಸಿದರು. ಉಳಿದವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ನಾನು ಮೊದಲಿಂದಲೂ ಹೀಗೇ ಅಂದುಕೊಂಡರು. ಯಾಕೋ ಮುನಿಸಿನ ವಿಚಾರಣೆಗಿಂತ ಇದೇ ಜಾಸ್ತಿ ಚುಚ್ಚಿತು.

ನಿಜ ಹೇಳಬೇಕೆಂದರೆ ನಾನು ಮೊದಲಿಂದಲೂ ಹೀಗೇ. ಶಾಲೆಯಲ್ಲಿ ಎಲ್ಲರೂ ಆಡಲು ಓಡಿದರೆ ನಾನು ಕೆಟ್ಟ ರೇಡಿಯೋ ಬಿಚ್ಚುತ್ತಾ ಕೂತವನು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರಲ್ಲ, ಆ ಪೋರ. ನಾಲ್ಕು ಜನ ನಗುವಾಗ ಯಾಕೆ ನಗಬೇಕು ಅಂತ ಯೋಚಿಸಿ ಮುಗಿಸುವ ಹೊತ್ತಿಗೆ ನಗು ಮುಗಿದಿರುತ್ತಿತ್ತು. ಇಂಥವರಿಗೆ ಒಂದು ಸಮಾಧಾನ ಬೇಕು. ನನ್ನ ಸಮಾಧಾನ ಏನೆಂದರೆ, ಇವರೆಲ್ಲ ಹಿಂದೆ ಮುಂದೆ ನೋಡದೆ ಸಿಕ್ಕಿದ್ದನ್ನು ಒಪ್ಪಿಕೊಳ್ಳುವವರು, ನಾನು ಮಾತ್ರ ಸ್ವಂತ ತಲೆಯಿಂದ ಯೋಚಿಸುವವನು. ಈ ಕೀಬೋರ್ಡ್ ಕೊಂಡಿದ್ದರಲ್ಲಿ ಅರ್ಧ ಮಣಿಕಟ್ಟಿನ ನೋವು, ಇನ್ನರ್ಧ ಈ ಜಂಭ.

ಜಂಭಕ್ಕೆ ಒಂದು ಭಾಷಣವೂ ಇತ್ತು. ಯಾರಾದರೂ "ಯಾಕೆ ಈ ಕಷ್ಟ?" ಅಂದರೆ ಸಾಕು, ಶುರು ಹಚ್ಚಿಕೊಳ್ಳುತ್ತಿದ್ದೆ. ಕ್ವೆರ್ಟಿಯನ್ನು ಮಾಡಿದ್ದೇ ಟೈಪಿಸ್ಟ್‌ಗಳ ವೇಗ ತಗ್ಗಿಸಲು, ಬೇಗ ಹೊಡೆದರೆ ಕಾಗದದ ಮೇಲೆ ಅಕ್ಷರ ಒತ್ತುವ ಕಡ್ಡಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಡ್ವೊರಾಕ್ ಎಷ್ಟೋ ಮೇಲು ಅಂತ ಪರೀಕ್ಷೆಯಲ್ಲಿ ಗೊತ್ತಾದರೂ ಕುರಿಮಂದೆ ಥರ ಜನ ಹಳೆಯದಕ್ಕೇ ಅಂಟಿಕೊಂಡರು, ಹೀಗೆ. ಒಂದು ದಿನ ಪಕ್ಕದ ಟೇಬಲ್‌ನವರು ಪೂರ್ತಿ ಕೇಳಿ, "ಇದನ್ನ ಯಾರು ಹೇಳಿದ್ದು?" ಅಂದರು. ಕಾಲೆಳೆಯಲು ಕೇಳಿದ್ದಲ್ಲ, ಸುಮ್ನೆ ಕೇಳಿದರು. ಬಾಯಿ ತೆರೆದೆ, ಉತ್ತರ ಬರಲಿಲ್ಲ. ಎಲ್ಲೋ ಓದಿದ್ದೆ. ಎಲ್ಲರೂ ಹಾಗೇ ಹೇಳುತ್ತಾರಲ್ವಾ?

ಆ ರಾತ್ರಿ ಕೂತು ಹುಡುಕಿದೆ. ಕ್ವೆರ್ಟಿಯನ್ನು ತಂದ ಟೈಪ್‌ರೈಟರ್, ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರದ್ದು, 1874ರಲ್ಲಿ ಮಾರಾಟಕ್ಕೆ ಬಂತು. ಆಗ ಹತ್ತೂ ಬೆರಳಿಂದ, ಕೀ ನೋಡದೆ ಟೈಪ್ ಮಾಡುವ ಪದ್ಧತಿಯೇ ಬೆಳೆದಿರಲಿಲ್ಲ. ಫ್ರಾಂಕ್ ಮೆಕ್‌ಗರಿನ್ ಎಂಬವರು ಹಾಗೆ ಟೈಪ್ ಮಾಡಿ ಸ್ಪರ್ಧೆ ಗೆದ್ದು ಹೆಸರಾಗಿದ್ದು 1888ರಲ್ಲಿ. ಇಲ್ಲದ ವೇಗವನ್ನು ತಗ್ಗಿಸುವುದು ಹೇಗೆ? ಕಡ್ಡಿ ಸಿಕ್ಕಿಹಾಕಿಕೊಳ್ಳದಿರಲಿ ಅಂತ ಜೊತೆಜೊತೆಗೆ ಬರುವ ಅಕ್ಷರಗಳನ್ನು ದೂರ ಇಟ್ಟರು ಅನ್ನುವ ಮಾತೂ ಪೂರ್ತಿ ಒಪ್ಪುವಂಥದ್ದಲ್ಲ, ಇಂಗ್ಲಿಷ್‌ನಲ್ಲಿ ಪದೇಪದೇ ಒಟ್ಟಿಗೆ ಬರುವ ಇ ಮತ್ತು ಆರ್ ಪಕ್ಕಪಕ್ಕದಲ್ಲೇ ಕೂತಿವೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಇಬ್ಬರು 2011ರಲ್ಲಿ ಬೇರೆಯೇ ವಾದ ಮಂಡಿಸಿದರು. ಮೊದಮೊದಲು ಈ ಯಂತ್ರ ಬಳಸಿದವರಲ್ಲಿ ಟೆಲಿಗ್ರಾಫ್ ನೌಕರರಿದ್ದರು, ಅವರ ಅನುಕೂಲ ನೋಡಿ ಅಕ್ಷರಗಳು ಅಲ್ಲಿಂದಿಲ್ಲಿಗೆ ಓಡಾಡಿ ಈ ರೂಪಕ್ಕೆ ಬಂದವು ಅಂತ. ಅಂದಹಾಗೆ ಕ್ವೆರ್ಟಿಯ ನಡು ಸಾಲು ನೋಡಿ: ಡಿ, ಎಫ್, ಜಿ, ಎಚ್, ಜೆ, ಕೆ, ಎಲ್. ಹಳೇ ವರ್ಣಮಾಲೆಯ ಸಾಲು ಇನ್ನೂ ಅರ್ಧಂಬರ್ಧ ಉಳಿದಿದೆ. ಇಷ್ಟು ವರ್ಷ ಕಣ್ಣೆದುರೇ ಇತ್ತು, ನಾನು ಗಮನಿಸಿರಲಿಲ್ಲ.

ಡ್ವೊರಾಕ್ ಕಡೆಯ ಸಾಕ್ಷಿ ಇನ್ನೂ ತಮಾಷೆ. ಆಗಸ್ಟ್ ಡ್ವೊರಾಕ್ ಶಿಕ್ಷಣ ವಿಭಾಗದ ಪ್ರೊಫೆಸರ್. ಡೀಲಿ ಎಂಬವರ ಜೊತೆ ಸೇರಿ ಇದಕ್ಕೆ ಪೇಟೆಂಟ್ ತಗೊಂಡಿದ್ದು 1936ರಲ್ಲಿ. ನಾನು ಭಾಷಣದಲ್ಲಿ ಎತ್ತಿ ಹೇಳುತ್ತಿದ್ದ ಪರೀಕ್ಷೆ 1944ರಲ್ಲಿ ಅಮೆರಿಕದ ನೌಕಾಪಡೆ ನಡೆಸಿದ್ದು. ಆಗ ಅದೇ ನೌಕಾಪಡೆಯಲ್ಲಿ ಇಂಥ ಕೆಲಸದ ಪರಿಣತನಾಗಿ ಇದ್ದವರು ಯಾರು ಅಂದರೆ, ಇದೇ ಡ್ವೊರಾಕ್! 1956ರಲ್ಲಿ ಅರ್ಲ್ ಸ್ಟ್ರಾಂಗ್ ಎಂಬವರು ಅಲ್ಲಿನ ಸರ್ಕಾರಕ್ಕಾಗಿ ಮತ್ತೆ ಪರೀಕ್ಷೆ ಮಾಡಿದಾಗ ಲಾಭವೇ ಕಾಣಲಿಲ್ಲ. ಆ ಸ್ಟ್ರಾಂಗ್ ಮೇಲೂ ಪಕ್ಷಪಾತದ ದೂರು ಇದೆ, ಅದು ಬೇರೆ ಮಾತು. 1990ರಲ್ಲಿ ಲೀಬೊವಿಟ್ಜ್, ಮಾರ್ಗೊಲಿಸ್ ಎಂಬ ಇಬ್ಬರು ಅರ್ಥಶಾಸ್ತ್ರದವರು ಇದನ್ನೆಲ್ಲ ಕೆದಕಿ, ಕ್ವೆರ್ಟಿ ಕೆಟ್ಟದ್ದು ಅನ್ನುವುದಕ್ಕೆ ಗಟ್ಟಿ ಆಧಾರವೇ ಇಲ್ಲ ಅಂತ ಬರೆದರು. ಇಂಗ್ಲಿಷ್ ಟೈಪ್ ಮಾಡುವಾಗ ಡ್ವೊರಾಕ್‌ನಲ್ಲಿ ಸುಮಾರು 70% ಹೊಡೆತ ನಡು ಸಾಲಿನಲ್ಲೇ ಬೀಳುತ್ತದೆ, ಕ್ವೆರ್ಟಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಈ ಮಾತು ಸರಿಯೇ, ಬೆರಳು ಕಡಿಮೆ ಓಡಾಡುತ್ತದೆ. ಆದರೆ ಅದು ವೇಗವಾಗಿ ಬದಲಾಗುತ್ತದಾ? ನನ್ನದೇ ಲೆಕ್ಕ ಹೇಳುತ್ತೇನೆ. ಮೊದಲು ಎಪ್ಪತ್ತು, ಈಗ ಎಪ್ಪತ್ತೆರಡು.

ಎಲ್ಲರೂ ಹೇಳಿದ್ದನ್ನು ನಂಬುವುದಿಲ್ಲ ಅಂತ ಬೀಗುತ್ತಿದ್ದವನು ನಾನು. ಮಾಡಿದ್ದು ಇಷ್ಟೇ, ಬೇರೆ ಗುಂಪಿನ ಎಲ್ಲರೂ ಹೇಳಿದ್ದನ್ನು ನಂಬಿದ್ದು. ಆ ಗುಂಪು ಎಂಥದ್ದು ಅಂತಲೂ ಹೇಳಬೇಕು. ಈ ಹುಚ್ಚು ಇರುವವರು ಆಗಾಗ ಒಂದು ಕಡೆ ಸೇರಿ, ಟೇಬಲ್ ತುಂಬಾ ಕೀಬೋರ್ಡ್ ಹರಡಿ, ಒಬ್ಬರದ್ದನ್ನು ಒಬ್ಬರು ಕುಟ್ಟಿ ನೋಡುತ್ತೇವೆ. ಅಲ್ಲಿ ಯಾರೂ "ಮುರಿದು ಹೋಯ್ತಾ" ಅಂತ ಕೇಳುವುದಿಲ್ಲ. ಮೊದಲ ಸಲ ಹೋದಾಗ ಕಣ್ಣು ತುಂಬಿ ಬಂದಿತ್ತು, ಸುಳ್ಳಲ್ಲ. ಮೂರನೇ ಸಲ ಒಬ್ಬ ಹುಡುಗ ಸಾಧಾರಣ ಕಂಪ್ಯೂಟರ್ ಜೊತೆ ಬರುವ ಕೀಬೋರ್ಡ್ ಹಿಡಿದು ಬಂದ. ಅದನ್ನು ನೋಡಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಾನೂ ನಕ್ಕೆ. ಈ ಸಲ ತಡವಾಗಲಿಲ್ಲ, ಸರಿಯಾದ ಹೊತ್ತಿಗೇ ನಕ್ಕೆ. ಆ ಹುಡುಗ ಮತ್ತೆ ಬಂದಿಲ್ಲ.

ವಾಪಸ್ ಕೀಬೋರ್ಡ್‌ಗೆ ಬರುತ್ತೇನೆ. ಸ್ವಿಚ್ ಆರಿಸುವಾಗ ಎಚ್ಚರ ಇರಲಿ. ಸ್ವಿಚ್ ತಯಾರಿಸುವ ಚೆರಿ ಕಂಪನಿ ಶುರು ಮಾಡಿದ ಬಣ್ಣದ ಲೆಕ್ಕವನ್ನೇ ಈಗ ಬಹಳ ಮಂದಿ ಪಾಲಿಸುತ್ತಾರೆ. ನೀಲಿ ಅಂದರೆ ಟಕ್ ಅಂತ ಸದ್ದು ಮಾಡುವುದು, ಕಂದು ಅಂದರೆ ಸದ್ದಿಲ್ಲದೆ ಬೆರಳಿಗೆ ಸಣ್ಣ ತಡೆ ಸಿಗುವುದು, ಕೆಂಪು ಅಂದರೆ ಯಾವ ತಡೆಯೂ ಇಲ್ಲದೆ ಸರ್ರನೆ ಇಳಿಯುವುದು. ಚೆರಿಯ ಕೆಂಪು ಸ್ವಿಚ್ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಅರ್ಧ ದಾರಿ ಇಳಿದರೇ ಅಕ್ಷರ ಮೂಡುತ್ತದೆ. ನಾನು ಮೊದಲು ನೀಲಿ ಹಾಕಿಸಿದ್ದೆ. ನನಗಂತೂ ಮಳೆ ಹನಿ ತಗಡಿನ ಮೇಲೆ ಬಿದ್ದಂತೆ ಹಿತ. ಎರಡನೇ ದಿನವೇ ಮಾನಿಟರ್ ಮೇಲೆ ಹಳದಿ ಚೀಟಿ ಅಂಟಿತ್ತು: "ದಯವಿಟ್ಟು." ಅಷ್ಟೇ ಬರೆದಿತ್ತು. ಕಂದು ಸ್ವಿಚ್‌ಗೆ ಬದಲಿಸಿದೆ. ಹಾಟ್‌ಸ್ವಾಪ್ ಸಾಕೆಟ್ ಇರುವುದರಿಂದ ಬೆಸುಗೆ ಬಿಚ್ಚುವ ರಗಳೆ ಇಲ್ಲ, ಒಂದು ಚಿಮುಟದಿಂದ ಕಿತ್ತು ಬೇರೆಯದು ಒತ್ತಿದರೆ ಆಯ್ತು, ಅರ್ಧ ಗಂಟೆ ಕೆಲಸ.

ನಡುವಿನ ವೈರಿನ ಬಗ್ಗೆ ಒಂದು ಮಾತು. ನೋಡಲು ಹೆಡ್‌ಫೋನ್ ಪಿನ್ ಥರ ಇರುತ್ತದೆ, ಟಿಆರ್‌ಆರ್‌ಎಸ್ ಅನ್ನುತ್ತಾರೆ. ಕಂಪ್ಯೂಟರ್‌ಗೆ ಸಿಕ್ಕಿಸಿರುವಾಗ ಇದನ್ನು ಎಳೆಯಬೇಡಿ. ಪಿನ್ ಜಾರುವಾಗ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ. ನಾನು ಎಳೆದೆ. ಎಡಗಡೆಯ ಕಂಟ್ರೋಲರ್, ಅಂದರೆ ಆ ತುಂಡನ್ನು ನಡೆಸುವ ಪುಟ್ಟ ಬೋರ್ಡ್, ಸತ್ತಿತು. ಹೊಸದು ತರಿಸಿ ಕೂರಿಸುವವರೆಗೆ ಒಂದು ವಾರ ಹಳೇ ಕೀಬೋರ್ಡ್‌ನಲ್ಲಿ, ಕ್ವೆರ್ಟಿಯಲ್ಲಿ, ಕೀ ನೋಡಿ ನೋಡಿ ಎರಡೇ ಬೆರಳಲ್ಲಿ ಕುಟ್ಟಿದೆ. ಕಂಪ್ಯೂಟರ್ ಕೆಲಸದವನು ಅಂತ ಯಾರೂ ನಂಬುವ ಹಾಗಿರಲಿಲ್ಲ. ಬೇರೆಯವರ ಟೇಬಲ್‌ಗೆ ಹೋದಾಗ ಇವತ್ತಿಗೂ ಅದೇ ಪಾಡು.

ಫರ್ಮ್‌ವೇರ್, ಅಂದರೆ ಕೀಬೋರ್ಡ್ ಒಳಗೇ ಓಡುವ ತಂತ್ರಾಂಶ, ಮಾತ್ರ ಬಂಗಾರ. ಕ್ಯೂಎಂಕೆ ಅಂತ, ಮುಕ್ತ ತಂತ್ರಾಂಶ. ಯಾವ ಕೀ ಏನು ಮಾಡಬೇಕು ಅಂತ ನೀವೇ ಬರೆದು ಕೀಬೋರ್ಡ್ ಒಳಗೇ ತುಂಬಿಸಬಹುದು. ಕಿರುಬೆರಳಿಗೆ ಹೊರೆಯಾಗಿದ್ದ ಎಂಟರ್, ಬ್ಯಾಕ್‌ಸ್ಪೇಸ್, ಕಂಟ್ರೋಲ್ ಎಲ್ಲವನ್ನೂ ಹೆಬ್ಬೆರಳಿಗೆ ತಂದೆ. ಹೆಬ್ಬೆರಳಷ್ಟು ಗಟ್ಟಿ ಬೆರಳಿಗೆ ಎಲ್ಲರ ಕೀಬೋರ್ಡ್‌ನಲ್ಲೂ ಒಂದೇ ಕೆಲಸ, ಸ್ಪೇಸ್ ಒತ್ತುವುದು. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ.

ತಗೊಳ್ಳಬಹುದಾ? ಮಣಿಕಟ್ಟು ನೋಯುತ್ತಿದ್ದರೆ, ಕೈಯಲ್ಲಿ ಬಿಚ್ಚಿ ಜೋಡಿಸುವ ತಾಳ್ಮೆ ಇದ್ದರೆ ಎರಡು ತುಂಡಿನ ಕೀಬೋರ್ಡ್ ಧಾರಾಳವಾಗಿ ತಗೊಳ್ಳಿ, ಕ್ವೆರ್ಟಿಯನ್ನೇ ಇಟ್ಟುಕೊಂಡು ಬಳಸಿ. ಅಕ್ಷರದ ಜೋಡಣೆಯನ್ನೂ ಬದಲಿಸಲೇಬೇಕು ಅನ್ನುವ ತುರಿಕೆ ಇದ್ದರೆ 2006ರಲ್ಲಿ ಬಂದ ಕೋಲ್‌ಮ್ಯಾಕ್ ನೋಡಿ. ಹದಿನೇಳೇ ಕೀ ಬದಲಾಗುತ್ತವೆ, ಕಾಪಿ ಪೇಸ್ಟ್ ಕೀಗಳು ಇದ್ದಲ್ಲೇ ಇರುತ್ತವೆ. ಡ್ವೊರಾಕ್ ಯಾಕೆ ಬಿಟ್ಟಿಲ್ಲ ಅಂದರೆ, ಕಲಿತಾಗಿದೆ, ಕೈಗೆ ಹಿತವಾಗಿದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಭಾಷಣ ನಿಲ್ಲಿಸಿದ್ದೇನೆ.

ಮೊದಮೊದಲು ಯಾರಾದರೂ ನನ್ನ ಟೇಬಲ್‌ಗೆ ಬಂದು ಹಲೋ ಅಂತ ಇಂಗ್ಲಿಷ್‌ನಲ್ಲಿ ಕುಟ್ಟಿದರೆ ಪರದೆ ಮೇಲೆ ಡಿ, ಚುಕ್ಕಿ, ಎನ್, ಎನ್, ಆರ್ ಬರುತ್ತಿತ್ತು. ಕೈ ಮೇಲೆತ್ತಿ ಹಿಂದೆ ಸರಿಯುತ್ತಿದ್ದರು. ಅದರಲ್ಲೂ ನನಗೆ ಒಳಗೊಳಗೇ ಖುಷಿ ಇತ್ತು. ಈಗ ಎಡ ಹೆಬ್ಬೆರಳ ಪಕ್ಕದ ಒಂದು ಕೀಗೆ ಕೆಲಸ ಕೊಟ್ಟಿದ್ದೇನೆ, ಒಮ್ಮೆ ಒತ್ತಿದರೆ ಇಡೀ ಕೀಬೋರ್ಡ್ ಕ್ವೆರ್ಟಿ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ವಾಪಸ್. "ಯಾರು ಹೇಳಿದ್ದು" ಅಂತ ಕೇಳಿದ್ದರಲ್ಲ, ಅವರಿಗೆ ಮಾತ್ರ ತೋರಿಸಿದ್ದೆ. ಮೊನ್ನೆ ನಾನು ಸೀಟಿನಲ್ಲಿಲ್ಲದಾಗ ಬಂದು, ಅದನ್ನು ಒತ್ತಿ, ಏನೋ ಒಂದು ಸಾಲು ಸರಿ ಮಾಡಿ ಹೋಗಿದ್ದಾರೆ. ವಾಪಸ್ ಒತ್ತುವುದು ಮಾತ್ರ ಮರೆತಿದ್ದಾರೆ. ನಾನು ಬಂದು ಕೂತೆ, ಮ್ಯಾನೇಜರ್ ಏನೋ ಕೇಳಿದ್ದರು, ಪರದೆ ಸರಿಯಾಗಿ ನೋಡದೆ ಯೆಸ್ ಅಂತ ಹೊಡೆದು ಕಳಿಸಿದೆ. ಹೋಗಿದ್ದು ಟಿ, ಡಿ, ಸೆಮಿಕೋಲನ್.