ಅಪ್ಪ ಅಮ್ಮನಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಸುವ ಮೊದಲು ಇದನ್ನು ಓದಿ

ಮಕ್ಕಳು ಕೆನಡಾ, ಜರ್ಮನಿ, ಆಸ್ಟ್ರೇಲಿಯಾದಲ್ಲಿ, ಅಪ್ಪ ಅಮ್ಮ ಇಲ್ಲಿ ತೋಟದಲ್ಲಿ. ಕೊಡಗಿನಲ್ಲಿ ಇಂಥ ಮನೆ ಇಲ್ಲದ ಊರು ಈಗ ಹುಡುಕಿದರೂ ಸಿಗುವುದು ಕಷ್ಟ. ಮಗಳ ಹೆರಿಗೆಗೆ, ಮೊಮ್ಮಗುವಿನ ನಾಮಕರಣಕ್ಕೆ ಅಂತ ಹಿರಿಯರು ಅಷ್ಟು ದೂರ ಹೊರಡುತ್ತಾರೆ. ಮಂಡಿ ನೋವು, ಬೆನ್ನು ನೋವು ಇರುವವರು ಸಾಮಾನ್ಯ ಸೀಟಿನಲ್ಲಿ ರಾತ್ರಿಯಿಡೀ ಕೂರುವುದು ಆಗದ ಮಾತು. ಕಾಫಿಗೆ ಒಳ್ಳೆ ರೇಟು ಬಂದ ಮೇಲೆ, ಒಂದು ಸಲವಾದರೂ ಆರಾಮಾಗಿ ಹೋಗಿಬರಲಿ ಅಂತ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಸುವವರು ನಮ್ಮಲ್ಲಿ ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಮಾನ ಸಂಸ್ಥೆಯ ಹೆಸರು ಹಾಕುವುದಿಲ್ಲ. ವಕೀಲರ ಮೂಲಕ ನೋಟಿಸ್ ಹೋಗಿದೆ, ಅದರ ದಾರಿ ಅದಕ್ಕೆ. ಅಲ್ಲದೆ ಇದು ಒಂದೇ ಸಂಸ್ಥೆ ಮಾಡುತ್ತಿರುವ ಕೆಲಸವೂ ಅಲ್ಲ.

ನನ್ನ ತಂಗಿ ಇರುವುದು ಟೊರೊಂಟೊದಲ್ಲಿ. ಅಪ್ಪನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಒಮ್ಮೆ ಬಂದು ಹೋಗಿದೆ. ಉದ್ದದ ಪ್ರಯಾಣದಲ್ಲಿ ಕಾಲು ಚಾಚಿ ಮಲಗಲೇಬೇಕು, ಆಗಾಗ ಎದ್ದು ಓಡಾಡಬೇಕು ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಪೂರ್ತಿ ಮಲಗುವ ಸೀಟೇ ಬೇಕು ಅಂತ ಟ್ರಾವೆಲ್ ಏಜೆಂಟ್ ಹತ್ತಿರ ಸ್ಪಷ್ಟವಾಗಿ ಹೇಳಿ ಟಿಕೆಟ್ ತೆಗೆಸಿದೆವು. ಅವರು ಮೊಬೈಲಿನಲ್ಲಿ ಸೀಟಿನ ಚಿತ್ರವನ್ನೂ ತೋರಿಸಿದರು. ಒಂದು ಕಡೆ ಒಂದು ಸೀಟು, ಮಧ್ಯೆ ಎರಡು, ಆ ಕಡೆ ಒಂದು. ಒತ್ತಿದರೆ ಹಾಸಿಗೆ ಹಾಗೆ ಚಪ್ಪಟೆ ಆಗುತ್ತದೆ. ಮಧ್ಯದ ಎರಡು ಸೀಟು ಅಪ್ಪ ಅಮ್ಮನಿಗೆ ಅಂತ ಮಾತಾಗಿತ್ತು.

ಮೊದಲ ಪೆಟ್ಟು ಬೆಂಗಳೂರಿನಲ್ಲೇ ಬಿತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲೇ ಇರುವವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಳೆಗಾಲದಲ್ಲಿ ಶಾಂತಳ್ಳಿ ಕಡೆ ಯಾವಾಗ ಮರ ಬೀಳುತ್ತದೆ, ಎಲ್ಲಿ ಬರೆ ಕುಸಿಯುತ್ತದೆ ಹೇಳಲಾಗದು. 2018ರ ಆಗಸ್ಟ್ ನೋಡಿದವರು ಯಾರೂ ರಸ್ತೆಯನ್ನು ನಂಬಿ ಕೊನೆ ಗಳಿಗೆಗೆ ಹೊರಡುವುದಿಲ್ಲ. ನಾವು ಸೋಮವಾರಪೇಟೆಯಿಂದ ಬೆಳಿಗ್ಗೆಯೇ ಹೊರಟು ಹಾಸನ, ನೆಲಮಂಗಲ ದಾರಿಯಲ್ಲಿ ಸಂಜೆಗೆ ದೇವನಹಳ್ಳಿ ಮುಟ್ಟಿದೆವು. ವಿಮಾನ ಇದ್ದದ್ದು ನಡುರಾತ್ರಿ ದಾಟಿದ ಮೇಲೆ. ಆ ಅಷ್ಟು ಹೊತ್ತು ಕಾಲು ಎತ್ತಿಟ್ಟುಕೊಂಡು ಕೂರಲು, ಬಿಸಿ ಊಟ ಮಾಡಲು ಲೌಂಜ್ (ನಿಲ್ದಾಣದೊಳಗಿನ ವಿಶ್ರಾಂತಿ ಕೋಣೆ) ಇದೆಯಲ್ಲ ಅನ್ನುವ ಧೈರ್ಯ ನಮ್ಮದು.

ಒಳಗೆ ಹೋದ ಮೇಲೆ ಅಪ್ಪನ ಫೋನ್ ಬಂತು. ಲೌಂಜ್ ಬಾಗಿಲಲ್ಲಿ ನಿಲ್ಲಿಸಿದ್ದಾರೆ.

"ಬಿಸಿನೆಸ್ ಕ್ಲಾಸ್ ಅಲ್ವಾ ಮೇಡಂ, ಇಲ್ಲಿ ಬರೆದಿದೆ ನೋಡಿ" ಅಂತ ಅಪ್ಪ ಹೇಳುತ್ತಿರುವುದು ನನಗೆ ಕೇಳಿಸುತ್ತಿತ್ತು.

"ಬಿಸಿನೆಸ್ಸೇ ಸರ್. ಆದ್ರೆ ಇದು ಲೈಟ್ ಫೇರ್. ಇದಕ್ಕೆ ಲೌಂಜ್ ಬರಲ್ಲ."

ಸೀಟು ಆರಿಸುವುದೂ ಆ ಟಿಕೆಟ್‌ನಲ್ಲಿ ಸೇರಿರಲಿಲ್ಲ. ಅಪ್ಪ ಒಂದು ಸಾಲಿನಲ್ಲಿ, ಅಮ್ಮ ಮೂರು ಸಾಲು ಹಿಂದೆ. ಏಜೆಂಟ್ ಕಳಿಸಿದ ಟಿಕೆಟ್ ಮೇಲೆ ಇದ್ದದ್ದು "ಬಿಸಿನೆಸ್" ಅನ್ನುವ ಪದ ಮಾತ್ರ. ಲೈಟ್ ಅನ್ನುವುದನ್ನು ಅವರು ಬಾಯಲ್ಲೂ ಹೇಳಿರಲಿಲ್ಲ, ಬರೆದೂ ಇರಲಿಲ್ಲ.

ಹೀಗೆ ಕೆಲವು ಸೌಲಭ್ಯ ಕಳೆದು ಮಾರುವ ದರಗಳು ಹೊಸತೇನಲ್ಲ ಅಂತ ಆಮೇಲೆ ತಿಳಿಯಿತು. ಎಮಿರೇಟ್ಸ್ 2019ರಲ್ಲೇ ಲೌಂಜ್ ಇಲ್ಲದ ಬಿಸಿನೆಸ್ ದರ ತಂದಿತ್ತು. ಕತಾರ್ ಏರ್‌ವೇಸ್ 2020ರಲ್ಲಿ, ಫಿನ್ನೇರ್ 2021ರಲ್ಲಿ ಅದೇ ದಾರಿ ಹಿಡಿದವು. ಫಿನ್ನೇರ್‌ನ ಲೈಟ್ ದರದಲ್ಲಿ ಚೆಕ್ ಇನ್ ಬ್ಯಾಗೇಜು ಕೂಡ ಸೇರಿರಲಿಲ್ಲ. ಷರತ್ತಿನಲ್ಲಿ ಬರೆದಿರುತ್ತಾರೆ, ಬೇಕಾದವರು ಆರಿಸಿಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಅದನ್ನು ಬರಿ "ಬಿಸಿನೆಸ್ ಕ್ಲಾಸ್" ಅಂತ ಹೇಳಿ ಮಾರುವುದರಲ್ಲಿ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ದಾರಿಯಲ್ಲಿ ಇಳಿದು ಹತ್ತಬೇಕಾದ ಉದ್ದದ ಹಾರಾಟಕ್ಕೆ ವಿಮಾನವನ್ನೇ ಬದಲಿಸಿದ್ದರು. ಬಂದದ್ದು ಹಳೆಯ ವಿಮಾನ. ಎರಡು, ಮೂರು, ಎರಡರಂತೆ ಸೀಟು. ಪೂರ್ತಿ ಮಲಗುವುದಿಲ್ಲ, ಓರೆಯಾಗಿ ನಿಂತುಬಿಡುತ್ತದೆ. ಮಲಗಿದರೆ ದೇಹ ಕೆಳಕ್ಕೆ ಜಾರುತ್ತದೆ, ಜಾರದಂತೆ ಕಾಲು ಒತ್ತಿ ಹಿಡಿಯಬೇಕು. ಮಂಡಿ ಆಪರೇಷನ್ ಆದವರು ಹೇಗೆ ಹಿಡಿಯುವುದು? ಅದರ ಮೇಲೆ ಅಪ್ಪನಿಗೆ ಸಿಕ್ಕಿದ್ದು ಮಧ್ಯದ ಸೀಟು. ಎದ್ದು ಓಡಾಡಬೇಕಾದರೆ ಪಕ್ಕದವರನ್ನು ಎಬ್ಬಿಸಬೇಕು. ಸಂಕೋಚದಿಂದ ಅವರು ಎಬ್ಬಿಸಲಿಲ್ಲ. ಟೊರೊಂಟೊದಲ್ಲಿ ಇಳಿಯುವಾಗ ಕಾಲು ಊದಿಕೊಂಡು ಶೂ ಹಾಕಲು ಆಗಲಿಲ್ಲ. ತಂಗಿ ಏರ್‌ಪೋರ್ಟಿನಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೆಪ್ಪುಗಟ್ಟಿರಲಿಲ್ಲ, ದೇವರ ದಯೆ.

ಬರೆದು ಕೇಳಿದ್ದಕ್ಕೆ ಉತ್ತರ ಬಂತು. ಕಾರ್ಯಾಚರಣೆಯ ಕಾರಣದಿಂದ ವಿಮಾನ ಬದಲಾಯಿತು, ನೀವು ದುಡ್ಡು ಕೊಟ್ಟ ಕ್ಲಾಸಿನಲ್ಲೇ ಪ್ರಯಾಣ ಮಾಡಿದ್ದೀರಿ, ಸೀಟಿನ ಮಾದರಿಗೆ ನಾವು ಗ್ಯಾರಂಟಿ ಕೊಡುವುದಿಲ್ಲ, ಹಾಗಾಗಿ ಹಣ ವಾಪಸ್ ಇಲ್ಲ. ಸಮಾಧಾನಕ್ಕೆ ಮುಂದಿನ ಪ್ರಯಾಣಕ್ಕೊಂದು ವೋಚರ್ ಕೊಡುತ್ತಾರಂತೆ. ಕಾಫಿ ವ್ಯಾಪಾರದಲ್ಲಿ ಒಂದು ಸ್ಯಾಂಪಲ್ ತೋರಿಸಿ ಮೂಟೆಯಲ್ಲಿ ಬೇರೆ ತುಂಬಿ ಕಳಿಸಿದರೆ, "ಎರಡೂ ಕಾಫಿಯೇ" ಅಂತ ಹೇಳಿ ಪಾರಾಗಲು ಆಗುತ್ತದಾ?

ಇವರಿಗೆ ಕಷ್ಟ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ವಿಮಾನಗಳು ನೆಲ ಹಿಡಿದವು, ಸಂಸ್ಥೆಗಳು ಸಾಲದಲ್ಲಿ ಮುಳುಗಿದವು. ಆಮೇಲೆ ಜನ ಮತ್ತೆ ಹಾರಲು ಶುರುಮಾಡಿದರು, ಟಿಕೆಟ್ ದರ ಏರಿತು, ಲಾಭ ವಾಪಸ್ ಬಂತು. ಕಂಪನಿ ಕೆಲಸಕ್ಕೆ ಓಡಾಡುತ್ತಿದ್ದವರಲ್ಲಿ ಎಷ್ಟೋ ಮಂದಿ ವಿಡಿಯೋ ಮೀಟಿಂಗಿಗೆ ಹೋದರು. ಬಿಸಿನೆಸ್ ಕ್ಲಾಸಿನಲ್ಲಿ ಈಗ ಸ್ವಂತ ದುಡ್ಡು ಕೊಟ್ಟು ಕೂರುವವರು ಹೆಚ್ಚಾಗಿದ್ದಾರೆ, ಅಂದರೆ ನಮ್ಮಂಥವರು. ಹೊಸ ವಿಮಾನಗಳೂ ಹೇಳಿದ ಕಾಲಕ್ಕೆ ಬರುತ್ತಿಲ್ಲ. 2020ಕ್ಕೆ ಬರಬೇಕಿದ್ದ ಬೋಯಿಂಗ್ 777ಎಕ್ಸ್ ವರ್ಷಗಟ್ಟಲೆ ಮುಂದಕ್ಕೆ ಹೋಗಿದೆ. ಹೊಸ ಸೀಟುಗಳೂ ತಡ. ಹಾಗಾಗಿ ಜಾಹೀರಾತಿನಲ್ಲಿ ಹೊಸ ಕ್ಯಾಬಿನ್, ಆಕಾಶದಲ್ಲಿ ಹಳೆಯದು. ಲಾಭ ಮಾಡಲಿ, ಸಂಸ್ಥೆ ಉಳಿಯಬೇಕಲ್ಲ. ಆದರೆ ತೋರಿಸಿದ್ದನ್ನು ಕೊಡಲು ಆಗದಿದ್ದಾಗ ವ್ಯತ್ಯಾಸದ ಹಣವನ್ನು ತಾವೇ ಇಟ್ಟುಕೊಂಡರೆ ಅದು ದುಡಿದ ಲಾಭ ಅಂತ ನನಗೆ ಅನ್ನಿಸುವುದಿಲ್ಲ.

ಹಾಗೆ ಮಾಡಿದರೆ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಸ್ ಸಾಕ್ಷಿ. (ನಮ್ಮವರು ಹೋದದ್ದು ಅದರಲ್ಲಲ್ಲ.) 2023ರ ಆಗಸ್ಟ್‌ನಲ್ಲಿ ಅದು ತೆರಿಗೆಗೆ ಮೊದಲು ಸುಮಾರು 247 ಕೋಟಿ ಆಸ್ಟ್ರೇಲಿಯನ್ ಡಾಲರ್ ಲಾಭ ತೋರಿಸಿತು, ಅದೊಂದು ದಾಖಲೆ. ಅದೇ ತಿಂಗಳು ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. ಆಗಲೇ ರದ್ದು ಮಾಡಿದ್ದ ಸಾವಿರಾರು ಹಾರಾಟಗಳಿಗೆ ಟಿಕೆಟ್ ಮಾರುತ್ತಲೇ ಇದ್ದರು ಅನ್ನುವುದು ದೂರು. ಮುಖ್ಯಸ್ಥ ಅಲನ್ ಜಾಯ್ಸ್ ಸೆಪ್ಟೆಂಬರಿನಲ್ಲಿ ಅವಧಿಗೆ ಮೊದಲೇ ಹೊರಟರು. 2024ರಲ್ಲಿ 10 ಕೋಟಿ ಡಾಲರ್ ದಂಡ ಕಟ್ಟಲು, ಪ್ರಯಾಣಿಕರಿಗೆ ಸುಮಾರು 2 ಕೋಟಿ ಡಾಲರ್ ಕೊಡಲು ಸಂಸ್ಥೆ ಒಪ್ಪಿತು. ಅಲ್ಲಿ ಕೇಳುವವರು ಇದ್ದರು. ಇಲ್ಲಿ ನಾವೇ ಕೇಳಬೇಕು.

ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮ ಒಂದಿದೆ, 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಟಿಕೆಟ್ ಇರುವ ಕ್ಲಾಸಿನಿಂದ ನಮ್ಮ ಒಪ್ಪಿಗೆ ಇಲ್ಲದೆ ಕೆಳಗಿನ ಕ್ಲಾಸಿಗೆ ಇಳಿಸಿದರೆ, ದೇಶದೊಳಗಿನ ಹಾರಾಟಕ್ಕೆ ತೆರಿಗೆ ಸೇರಿ ಟಿಕೆಟ್ ಬೆಲೆಯ 75% ವಾಪಸ್ ಕೊಡಬೇಕು. ವಿದೇಶಕ್ಕೆ ದೂರ ನೋಡಿ ಲೆಕ್ಕ. 1,500 ಕಿಲೋಮೀಟರ್ ತನಕ 30%, 3,500ರ ತನಕ 50%, ಅದಕ್ಕಿಂತ ಹೆಚ್ಚಾದರೆ 75%. ಕೌಂಟರಿನಲ್ಲಿ ವೋಚರ್ ಮುಂದೆ ಹಿಡಿದು ಸಹಿ ಕೇಳಿದರೆ ಈ ಲೆಕ್ಕ ನೆನಪಿರಲಿ, ಸುಮ್ನೆ ಸಹಿ ಹಾಕಬೇಡಿ. ಆದರೆ ಮಲಗುವ ಸೀಟಿನ ಬದಲು ಓರೆ ಸೀಟು ಕೊಟ್ಟರೆ ಈ ನಿಯಮದ ಹಿಡಿತಕ್ಕೆ ಬರುವುದಿಲ್ಲ, ಯಾಕೆಂದರೆ ಕಾಗದದ ಮೇಲೆ ಕ್ಲಾಸ್ ಅದೇ. ನಮ್ಮನ್ನು ಸಿಕ್ಕಿಸಿದ್ದು ಈ ಸಂದಿಯಲ್ಲೇ.

ಆದ್ದರಿಂದ ದುಡ್ಡು ಕಟ್ಟುವ ಮೊದಲೇ ಹಿಡಿಯಬೇಕು. ಕ್ಲಾಸಿನ ಹೆಸರಿಗೆ ನಿಲ್ಲಬೇಡಿ, ದರದ ಹೆಸರು ಕೇಳಿ. ಲೈಟ್, ಬೇಸಿಕ್, ಸ್ಪೆಷಲ್, ಸೇವರ್, ಇಂಥ ಪದ ಜೊತೆಗಿದ್ದರೆ ಏನೋ ಕಳೆದಿದ್ದಾರೆ ಅಂತಲೇ ತಿಳಿಯಿರಿ. ಲೌಂಜ್, ಸೀಟು ಆರಿಸುವುದು, ಬ್ಯಾಗೇಜು, ರದ್ದು ಮಾಡಿದರೆ ಎಷ್ಟು ವಾಪಸ್, ಇಷ್ಟನ್ನೂ ಏಜೆಂಟ್ ಹತ್ತಿರ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಆಮೇಲೆ ಎಲ್ಲೂ ನಿಲ್ಲುವುದಿಲ್ಲ. ಹಿರಿಯರ ಕಾಯಿಲೆ ವಿಷಯವನ್ನೂ ಬರವಣಿಗೆಯಲ್ಲೇ ತಿಳಿಸಿ.

ವಿಮಾನದ ಮಾದರಿ ಕೇಳಿದರೆ ಸಾಲದು. ಬೋಯಿಂಗ್ 777 ಮಾದರಿಯ ಒಂದು ವಿಮಾನದಲ್ಲಿ ಹೊಸ ಸೀಟು ಇರಬಹುದು, ಇನ್ನೊಂದರಲ್ಲಿ ಹಳೆಯದು ಇರಬಹುದು. ಏರೋಲೋಪಾ ಅನ್ನುವ ವೆಬ್‌ಸೈಟಿನಲ್ಲಿ ಸೀಟುಗಳ ನಕ್ಷೆ ಸಿಗುತ್ತದೆ, ನೋಡಿ ಹೋಲಿಸಿ. ಟಿಕೆಟ್ ಆದ ಮೇಲೂ ವಾರಕ್ಕೊಮ್ಮೆ ಬುಕಿಂಗ್ ತೆರೆದು ನೋಡುತ್ತಿರಿ. ಸೀಟು ನಂಬರ್ ತಾನಾಗಿ ಬದಲಾಗಿದ್ದರೆ ಬಹುಮಟ್ಟಿಗೆ ವಿಮಾನವೇ ಬದಲಾಗಿರುತ್ತದೆ. ಹೊರಡುವ ಮೊದಲು ಗೊತ್ತಾದರೆ ಬೇರೆ ದಿನದ ವಿಮಾನ ಕೇಳಬಹುದು. ಹತ್ತಿದ ಮೇಲೆ ಏನೂ ಮಾಡಲಾಗದು. ಮೊದಲೇ ತೋರಿಸಿದ ಸೀಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಒಳಗೆ ಕೂತ ಮೇಲೆ ಸಿಕ್ಕ ಸೀಟಿನ ಫೋಟೋವನ್ನೂ ತೆಗೆಯಲು ಹಿರಿಯರಿಗೆ ಹೇಳಿಕೊಡಿ. ನಮ್ಮ ಕೈಯಲ್ಲಿ ಈಗ ಇರುವ ಬಲ ಅಮ್ಮ ತೆಗೆದ ಆ ಫೋಟೋಗಳೇ.

ದೂರು ಕೊಡಬೇಕಾಗಿ ಬಂದರೆ ಮೊದಲು ಸಂಸ್ಥೆಗೆ ಬರೆದು ಉತ್ತರ ಪಡೆಯಿರಿ. ಆಮೇಲೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಅನ್ನುವ ದೂರಿನ ವೆಬ್‌ಸೈಟ್ ಇದೆ, ಗ್ರಾಹಕ ಸಹಾಯವಾಣಿ 1915 ಇದೆ. ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು.

ಅಪ್ಪ ಅಮ್ಮ ಮಳೆ ಮುಗಿದ ಮೇಲೆ ವಾಪಸ್ ಬರಬೇಕು, ಅದೇ ಸಂಸ್ಥೆಯ ವಿಮಾನದಲ್ಲಿ. ಪೂರ್ತಿ ಮಲಗುವ ಸೀಟು ಕೊಡುತ್ತೇವೆ ಅಂತ ಬರೆದುಕೊಡಿ ಎಂದು ತಂಗಿ ಕೇಳಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಕ್ಲಾಸ್ ಅದೇ ಇದ್ದು ಸೀಟು ಬೇರೆ ಕೊಟ್ಟಿದ್ದಕ್ಕೆ ಗ್ರಾಹಕ ಆಯೋಗದಲ್ಲಿ ಹಣ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ಆದೇಶದ ಪ್ರತಿ ಸಿಕ್ಕರೆ ನಮ್ಮ ವಕೀಲರಿಗೆ ತುಂಬಾ ಸಹಾಯ ಆಗುತ್ತದೆ.