ಮುರಿದ ಕೈ, ಸುತ್ತಿದ ಟೇಪು: ‘ಫಾರ್ ಆಲ್ ಮ್ಯಾನ್‌ಕೈಂಡ್’ ಮೊದಲ ಎರಡು ಸೀಸನ್

ಆಪಲ್ ಟಿವಿಯಲ್ಲಿ 2019ರಿಂದ ಬರುತ್ತಿರುವ ಸರಣಿ. ಸೀಸನ್ನಿಗೆ 10 ಕಂತು. ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಸೋವಿಯತ್‌ನವರು ಎಂಬ ಕಲ್ಪನೆಯಿಂದ ಕಥೆ ಶುರು. ಮುಂದೆ ಗುಟ್ಟು ಬಯಲಾಗುತ್ತದೆ. ಬೇಡವೆನ್ನುವವರು ನೋಡಿ ಬಂದು ಓದಿ.

ಎರಡನೇ ಸೀಸನ್ನಿನ ಕೊನೆಯ ಓಟವನ್ನು ಎಲ್ಲರೂ ಹೊಗಳುತ್ತಾರೆ. ಚಂದ್ರನ ಮೇಲಿನ ಅಮೆರಿಕದ ಜೇಮ್ಸ್‌ಟೌನ್ ನೆಲೆಯಲ್ಲಿ ಗುಂಡು ಹಾರಿ ರಿಯಾಕ್ಟರಿನ ಕೂಲಿಂಗ್ ಕೈಕೊಡುತ್ತದೆ. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಮಾಡುವವರಿಗೆ ಯೂನಿಟ್ ಟ್ರಿಪ್ ಆಗುವುದು (ಇದ್ದಕ್ಕಿದ್ದಂತೆ ನಿಲ್ಲುವುದು) ಹೊಸದಲ್ಲ. ಕಲ್ಲಿದ್ದಲು ನಿಂತರೆ ಉರಿ ಆರುತ್ತದೆ. ಪರಮಾಣು ರಿಯಾಕ್ಟರ್ ಹಾಗಲ್ಲ. ನಿಲ್ಲಿಸಿದ ಕ್ಷಣದಲ್ಲೂ ಪೂರ್ಣ ಶಕ್ತಿಯ ಶೇ 6–7ರಷ್ಟು ಶಾಖ ಒಳಗೇ ಹುಟ್ಟುತ್ತಿರುತ್ತದೆ, ತಣಿಸಲು ಅಲ್ಲಿ ಕೃಷ್ಣೆಯೂ ಇಲ್ಲ. ಸೂಟ್ ಕೈಗೆ ಸಿಗದೆ, ವಿಚ್ಛೇದನ ಪಡೆದ ಗಗನಯಾತ್ರಿಗಳಾದ ಗೋರ್ಡೊ–ಟ್ರೇಸಿ ಮೈಗೆಲ್ಲ ಡಕ್ಟ್ ಟೇಪ್ ಸುತ್ತಿಕೊಂಡು ಅದನ್ನು ಸರಿಪಡಿಸಲು ಹೊರಗೆ ಓಡುತ್ತಾರೆ.

ಟೇಪಿನ ಐಡಿಯಾ ಪೂರ್ತಿ ಸುಳ್ಳಲ್ಲ. ಗಾಳಿ ತುಂಬುವ ಬದಲು ಬಿಗಿಬಟ್ಟೆಯಿಂದಲೇ ಮೈ ಒತ್ತಿಹಿಡಿಯುವ ಸೂಟ್‌ಗಳನ್ನು 1960ರ ದಶಕದ ಕೊನೆಯಲ್ಲೇ ಪ್ರಯೋಗಿಸಿದ್ದರು. ಆದರೆ ಸುಮಾರು 30 ಕಿಲೋಪಾಸ್ಕಲ್ ಒತ್ತಡ ಎಲ್ಲ ಕಡೆ ಸಮನಾಗಿ ಬೀಳಬೇಕು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಟೇಪ್ ಸರಿಯಾಗಿ ಕೂರುವುದಿಲ್ಲ, ಅಲ್ಲಿ ಮೈ ಊದುತ್ತದೆ. ಉಸಿರು ಬಿಗಿಹಿಡಿದರಂತೂ ಶ್ವಾಸಕೋಶವೇ ಹರಿಯುತ್ತದೆ, ಬಿಟ್ಟೇ ಹೊರಡಬೇಕು. 1966ರಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಸೂಟಿನ ಕೊಳವೆ ಕಳಚಿದ ತಂತ್ರಜ್ಞರೊಬ್ಬರು ಸುಮಾರು 14 ಸೆಕೆಂಡಿಗೆ ಪ್ರಜ್ಞೆ ತಪ್ಪಿದ್ದರು (ಬದುಕಿಕೊಂಡರು). ಪ್ರಜ್ಞೆ ತಪ್ಪಲು ಸರಣಿ ಹೇಳುವ 15 ಸೆಕೆಂಡ್ ಇದಕ್ಕೆ ಹತ್ತಿರದ್ದೇ.

ಆದರೂ ನಮ್ಮ ಮಾರ್ಕು ಹೋಗುವುದು ಮೊದಲ ಸೀಸನ್ನಿನ 7ನೇ ಕಂತಿಗೆ. ಇಕ್ಕಟ್ಟಾದ ನೆಲೆಯಲ್ಲಿ ಮೂವರು, ಮತ್ತೆಮತ್ತೆ ನೋಡಿದ ಅದೇ ಹಳೇ ಕಾಮಿಡಿ. ಗೋರ್ಡೊನ ತಲೆ ಕೆಡುತ್ತದೆ. ಅವನ ಹೆಸರು ಕೆಡದೆ, ತನ್ನ ಗಾಯದ ನೆಪದಲ್ಲಿ ಊರಿಗೆ ಮರಳಲಿ ಎಂದು ಜೊತೆಗಿದ್ದ ಗಗನಯಾತ್ರಿ ಡೇನಿಯಲ್ ತನ್ನ ಕೈಯನ್ನು ತಾನೇ ಮುರಿದುಕೊಳ್ಳುತ್ತಾಳೆ. ಹಿನ್ನೆಲೆ ಸಂಗೀತದ ಅಬ್ಬರವಿಲ್ಲ, ಸಾವಿಲ್ಲ. ಗಾಯ ಮಾಡಿಕೊಂಡವಳು ಎಂಬ ಹೆಸರು ಮಾತ್ರ ಕಪ್ಪು ಹೆಣ್ಣುಮಗಳೊಬ್ಬಳ ದಾಖಲೆಯಲ್ಲಿ ಉಳಿಯುತ್ತದೆ. ಎರಡನೇ ಸೀಸನ್ನಿನ ಕೊನೆಗೆ ಮೇಲಿನ ಆದೇಶ ಮೀರಿ ನೌಕೆ ಜೋಡಿಸಿ ಸೋವಿಯತ್ ಗಗನಯಾತ್ರಿಯ ಕೈ ಕುಲುಕುವವಳೂ ಇವಳೇ. ನಿಜದ ಅಪೋಲೊ–ಸೋಯುಜ್ ಕೈಕುಲುಕು ನಡೆದದ್ದು 1975ರ ಜುಲೈ 17ರಂದು, ಎರಡೂ ಸರ್ಕಾರಗಳ ಒಪ್ಪಿಗೆಯಿಂದ.

ಕೊರತೆ? ಗುರುತ್ವ ಆರನೇ ಒಂದು ಭಾಗವಿದ್ದರೂ ನೆಲೆಯೊಳಗೆ ಎಲ್ಲರೂ ಹೆಚ್ಚುಕಡಿಮೆ ಭೂಮಿಯ ಮೇಲಿನಂತೆಯೇ ನಡೆಯುತ್ತಾರೆ. ಗಗನಯಾತ್ರಿಯೊಬ್ಬನ ಹೆಂಡತಿ ಕರೆನ್ ಮತ್ತು ಗೋರ್ಡೊ–ಟ್ರೇಸಿಯ ಮಗ ಡ್ಯಾನಿಯ ಪ್ರೇಮಪ್ರಸಂಗ ಬೇಕಿರಲಿಲ್ಲ. ರೇಡಿಯೊ ಮಾತೆಲ್ಲ ಸಂಕ್ಷಿಪ್ತ ಪದಗಳೇ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ.