ಕೂದಲಿಗೆ ಅಂತ ಕೊಟ್ಟ ಮಾತ್ರೆ ನನ್ನ ಥೈರಾಯ್ಡ್ ರಿಪೋರ್ಟನ್ನೇ ಸುಳ್ಳು ಮಾಡಿತು, ದಯವಿಟ್ಟು ಓದಿ

ನಿನ್ನೆ ಶಾಲೆ ಬಿಟ್ಟು ಬರುವಾಗ ಪೇಟೆಯಲ್ಲಿ ಅದೇ ಹಸಿರು ಬ್ಯಾನರ್ ಮತ್ತೆ ಕಂಡಿತು. ಮೇಲೆ ಮಲಯಾಳ, ಕೆಳಗೆ ಕನ್ನಡ. ‘ಉಚಿತ ಥೈರಾಯ್ಡ್ ತಪಾಸಣೆ. ಜೀವನಪೂರ್ತಿ ಮಾತ್ರೆ ನುಂಗಬೇಕಾಗಿಲ್ಲ.’ ಬರುವ ಭಾನುವಾರವಂತೆ. ಬಸ್ಸಿನಲ್ಲಿ ಕೂತಲ್ಲೇ ಮೈ ಉರಿದು ಹೋಯಿತು. ಮೂರು ತಿಂಗಳಿಂದ ನಾಚಿಕೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇನ್ನು ಆಗುವುದಿಲ್ಲ. ಬರೆಯುತ್ತೇನೆ. ಹಿಂದೆ ಮುಂದೆ ಆದರೆ ಸುಧಾರಿಸಿಕೊಳ್ಳಿ.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಟೀಚರ್. ಹೌದು, ಜೀವಶಾಸ್ತ್ರ. ನಗುವವರು ಈಗಲೇ ನಕ್ಕುಬಿಡಿ. ಗಳಗಂಡ, ಅಯೋಡಿನ್, ಥೈರಾಕ್ಸಿನ್ ಅಂತ ವರ್ಷ ವರ್ಷ ಬೋರ್ಡಿನಲ್ಲಿ ಚಿತ್ರ ಬರೆದು ಪಾಠ ಮಾಡುವವಳು ನಾನೇ.

ಒಂಬತ್ತು ವರ್ಷದಿಂದ ನನಗೆ ಥೈರಾಯ್ಡ್ ಕಡಿಮೆ. ಹಾಶಿಮೊಟೊ ಅಂತ ಮಂಗಳೂರಿನಲ್ಲಿ ಹೇಳಿದ್ದರು, ಅಂದರೆ ನಮ್ಮ ದೇಹವೇ ನಮ್ಮ ಗ್ರಂಥಿಯ ಮೇಲೆ ಜಗಳಕ್ಕೆ ಹೋಗುವ ಕಾಯಿಲೆ. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ 100 ಮೈಕ್ರೋಗ್ರಾಮಿನ ಒಂದು ಮಾತ್ರೆ, ಒಂದು ಗಂಟೆ ಬಿಟ್ಟು ಚಾ. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ಅನ್ನುವ ರಕ್ತದ ಟೆಸ್ಟ್, ಥೈರಾಯ್ಡ್ ಕಡಿಮೆಯಾದಷ್ಟೂ ಈ ಅಂಕಿ ಮೇಲೇರುತ್ತದೆ. ಎರಡೋ ಮೂರೋ ಬರುತ್ತಿತ್ತು, 4ರ ಒಳಗೆ ಇದ್ದರೆ ಸರಿ ಅಂತ ಮನೆಗೆ ಬರುತ್ತಿದ್ದೆ. ಏನೂ ತಲೆಬಿಸಿ ಇರಲಿಲ್ಲ. ಕೂದಲು ಮಾತ್ರ ಉದುರುತ್ತಿತ್ತು. ಸಂಜೆ ಹೊತ್ತಿಗೆ ಸುಸ್ತು. ಅಷ್ಟೇ. ಅಷ್ಟಕ್ಕೇ ನಾನು ಆ ಶಿಬಿರಕ್ಕೆ ಹೋದದ್ದು. ನೆಟ್ಟಗಿದ್ದವಳು ಸುಮ್ನೆ ಹೋಗಿ ಬಿದ್ದೆ.

ಏಪ್ರಿಲಿನಲ್ಲಿ ಬಿಸು ಹಬ್ಬ ಕಳೆದ ಮರುವಾರ. ಬಿಳಿ ಕೋಟು ಹಾಕಿದ ಮನುಷ್ಯ ಎದ್ದು ನಿಂತು, “ಬನ್ನಿ ಟೀಚರೇ, ಕೂತುಕೊಳ್ಳಿ. ನಮ್ಮವರೇ ಅಲ್ವಾ” ಅಂದರು. ಕನ್ನಡದಲ್ಲಿ. ಕಾಸರಗೋಡಿನವರಿಗೆ ಇದು ಹೇಳಬೇಕಾಗಿಲ್ಲ. ಆಫೀಸಿಗೆ ಹೋದರೆ ಮಲಯಾಳ, ಫಾರಂ ಮಲಯಾಳ, ಔಷಧಿ ಚೀಟಿಯ ಮೇಲೆ ಬರೆದದ್ದು ಮಲಯಾಳ. ಅಂಥಲ್ಲಿ ಒಬ್ಬರು ಅಚ್ಚ ಕನ್ನಡದಲ್ಲಿ ‘ಊಟ ಆಯ್ತಾ’ ಅಂತ ಕೇಳಿದರೆ ನಮ್ಮ ಅರ್ಧ ಜಾಗ್ರತೆ ಅಲ್ಲೇ ಹೋಗುತ್ತದೆ. ನನ್ನದು ಪೂರ್ತಿ ಹೋಯಿತು. ಮೇಜಿನ ಮೇಲೆ ಹೆಸರಿನ ಹಿಂದೆ ‘ಡಾ.’ ಅಂತ ಇತ್ತು. ಎಂತ ಡಾಕ್ಟರ್ ಅಂತ ಕೇಳಲು ಮನಸ್ಸೇ ಬರಲಿಲ್ಲ.

ನಾಲ್ಕು ಡಬ್ಬಿಗಳ ಒಂದು ಸೆಟ್. ಒಂದರಲ್ಲಿ ಸಮುದ್ರದ ಪಾಚಿಯ ಪುಡಿ, ‘ಗ್ರಂಥಿಯನ್ನು ಎಬ್ಬಿಸಲು’. ಒಂದರಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಒಂದರಲ್ಲಿ ಕಬ್ಬಿಣ ಮತ್ತು ಬಿ12. ನಾಲ್ಕನೆಯದು ಕೂದಲು, ಉಗುರು, ಚರ್ಮಕ್ಕೆ, ಬಯೋಟಿನ್ ಅನ್ನುವ ವಿಟಮಿನ್ 10,000 ಮೈಕ್ರೋಗ್ರಾಂ. ಮೂರು ತಿಂಗಳಿಗೆ 11,400 ರೂಪಾಯಿ. ‘ಆರು ವಾರಕ್ಕೆ ನಮ್ಮ ಹುಡುಗನೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ, ಟೆಸ್ಟ್ ಫ್ರೀ.’ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವುದು ಒಂದು ದಿನದ ಕೆಲಸ. ಮನೆಗೇ ಬರುತ್ತಾರೆ ಅಂದರೆ ಯಾರಿಗೆ ಬೇಡ?

ಥೈರಾಯ್ಡ್ ಮಾತ್ರೆಯ ಜೊತೆಗೇ ಎಲ್ಲ ಬೆಳಗ್ಗೆ ಬಿಸಿನೀರಲ್ಲಿ ನುಂಗಿ, ಮರೆತು ಹೋಗುವುದಿಲ್ಲ ಅಂದರು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ, ನಾಲ್ಕು ಗಂಟೆ ಅಂತರ ಇರಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಮಾತ್ರ ಅಲ್ಲ, ಕೇಳಿದೆ ಕೂಡ. ಉತ್ತರ ಕೇಳಿ: “ಅದು ಕೆಮಿಕಲ್ ಕ್ಯಾಲ್ಸಿಯಂಗೆ ಟೀಚರೇ. ಇದು ನ್ಯಾಚುರಲ್.”

ಕ್ಯಾಲ್ಸಿಯಂ ಅನ್ನುವುದೇ ಒಂದು ಕೆಮಿಕಲ್! ನಾನು ತಲೆ ಅಲ್ಲಾಡಿಸಿ ಗೂಗಲ್ ಪೇ ಮಾಡಿದೆ.

ಜೂನ್ ಮೊದಲ ವಾರ, ಶಾಲೆ ಶುರುವಾದ ಗಡಿಬಿಡಿಯಲ್ಲಿ, ರಿಪೋರ್ಟ್ ಬಂತು. ಟಿಎಸ್‌ಎಚ್ 0.21. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, ಗೆರೆ ದಾಟಿ ಮೇಲೆ. ರಾತ್ರಿ ಒಂಬತ್ತಕ್ಕೆ ವಾಟ್ಸಪ್ಪಿನಲ್ಲಿ ಧ್ವನಿ ಸಂದೇಶ: “ಟೀಚರೇ, ಕಂಗ್ರಾಜುಲೇಷನ್ಸ್. ನಿಮ್ಮ ಗ್ರಂಥಿ ಎದ್ದು ಕೆಲಸ ಮಾಡ್ತಾ ಉಂಟು. ಇನ್ನು ಆ ಮಾತ್ರೆ ತಗೊಂಡರೆ ಅದು ವಿಷ. ನಾಳೆಯಿಂದ ನಿಲ್ಲಿಸಿ.” ಒಂಬತ್ತು ವರ್ಷದ ಮಾತ್ರೆ. ನಾನು ಸ್ವಲ್ಪ ಅತ್ತೆ ಕೂಡ, ಖುಷಿಯಲ್ಲಿ. ಮರುದಿನ ಬಾಟಲಿ ಎತ್ತಿ ಕಪಾಟಿನ ಮೇಲಿಟ್ಟೆ.

ಹತ್ತು ದಿನ ಬಿಟ್ಟು ಅವರದ್ದೇ ಫೋನ್. “ಏನಾದರೂ ಆಯ್ತಾ? ಆಗಲಿಲ್ಲ ಅಲ್ವಾ?” ಆಗಲಿಲ್ಲ. ಹೇಗೆ ಆಗುತ್ತದೆ? ಮಾತ್ರೆಯಲ್ಲಿದ್ದ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲಿಕ್ಕೇ ಒಂದು ವಾರ ಬೇಕು. ಕೆಲವು ವಾರ ಹಳೆಯ ಗಂಟಿನಲ್ಲೇ ಸಂಸಾರ ನಡೆಯುತ್ತದೆ. ಇದನ್ನೂ ಆಮೇಲೆ ಕಲಿತದ್ದು.

ಈಗ ಬರೆಯಲು ಕಷ್ಟವಾದ ಮಾತು. ಆ ಖುಷಿಯಲ್ಲಿ ನನ್ನ ನಾದಿನಿಗೂ ಹೇಳಿದೆ. ಅವಳಿಗೂ ಥೈರಾಯ್ಡ್. ಅವಳೂ ಒಂದು ಸೆಟ್ ತೆಗೆದುಕೊಂಡಳು. ಅದಕ್ಕೆ ನನ್ನ ಎರಡನೇ ಸೆಟ್ಟಿನಲ್ಲಿ 500 ರೂಪಾಯಿ ಬಿಟ್ಟರು. ನಾನು ಆ 500 ರೂಪಾಯಿ ತೆಗೆದುಕೊಂಡಿದ್ದೇನೆ. ಬರೆದಾಯಿತು.

ಜುಲೈ ಬಂತು, ಮಳೆಗಾಲದ ಆಟಿ ತಿಂಗಳು ಬಂತು. ನನಗೆ ಚಳಿ. ಎಲ್ಲರಿಗೂ ಚಳಿ, ಆಟಿಯ ಮಳೆ ಅಲ್ವಾ ಅಂದುಕೊಂಡೆ. ಮೈಕೈ ಹಿಡಿದುಕೊಂಡ ಹಾಗೆ. ಆಟಿಯಲ್ಲಿ ಯಾರಿಗೆ ಇರುವುದಿಲ್ಲ? ಬಳೆ ಕೈಯಿಂದ ಇಳಿಯಲಿಲ್ಲ. ಮುಖ ಊದಿತು. ಸ್ವರ ದಪ್ಪವಾಯಿತು, ಹಿಂದಿನ ಬೆಂಚಿನ ಮಕ್ಕಳು ‘ಟೀಚರ್, ಕೇಳ್ತಾ ಇಲ್ಲ’ ಅನ್ನತೊಡಗಿದರು. ತೂಕ ಏಳು ಕೆಜಿ ಏರಿತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಾ ಕೂತಲ್ಲೇ ನಿದ್ದೆ ಹೋದೆ. ಕೆಂಪು ಪೆನ್ನು ಸೀರೆಯ ಮೇಲೆ.

ಫೋನ್ ಮಾಡಿದೆ. “ಅದು ಹೀಲಿಂಗ್ ಕ್ರೈಸಿಸ್ ಟೀಚರೇ. ಒಂಬತ್ತು ವರ್ಷದ ಕೆಮಿಕಲ್ ಹೊರಗೆ ಹೋಗುವಾಗ ಸ್ವಲ್ಪ ಆಟ ಆಡ್ತದೆ.” ಬೇಕಿದ್ದರೆ ಮತ್ತೊಂದು ಟೆಸ್ಟ್ ಅಂದರು. ಆ ಹುಡುಗ ಮತ್ತೆ ಬಂದ, ರಕ್ತ ತೆಗೆದ. ಟಿಎಸ್‌ಎಚ್ 1.8. ಪಕ್ಕಾ ನಾರ್ಮಲ್. “ನೋಡಿದ್ರಾ? ಇದು ಥೈರಾಯ್ಡ್ ಅಲ್ಲ. ನಿಮ್ಮ ಪ್ರಾಯಕ್ಕೆ ಎಲ್ಲ ಹೆಂಗಸರಿಗೂ ಇರ್ತದೆ. ಪಾಚಿ ಪುಡಿ ಎರಡು ಚಮಚ ಮಾಡಿ.” ನಾನು ಎರಡು ಚಮಚ ಮಾಡಿದೆ. ಆ ಪಾಚಿಯಲ್ಲಿ ಅಯೋಡಿನ್ ತುಂಬಾ ಇರುತ್ತದೆ, ಹಾಶಿಮೊಟೊ ಇದ್ದವರಿಗೆ ಅಯೋಡಿನ್ ಅತಿಯಾದರೆ ಗ್ರಂಥಿ ಇನ್ನೂ ಮಂಕಾಗಬಹುದು. ನಾನು ಪಾಠ ಮಾಡುವ ಗಳಗಂಡ ಅಯೋಡಿನ್ ಸಾಲದೆ ಬರುವಂಥದ್ದು, ನನ್ನ ಕಾಯಿಲೆ ಬೇರೆ. ಮನೆಯ ಉಪ್ಪಿನಲ್ಲೇ ಅಯೋಡಿನ್ ಇದೆ. ಇದು ಯಾವುದೂ ಆಗ ನನ್ನ ಮಂಡೆಗೆ ಹೋಗಲೇ ಇಲ್ಲ.

ಓಣಂ ರಜೆಯಲ್ಲಿ ಮಗಳು ಊರಿಗೆ ಬಂದಳು. ಬಾಗಿಲಲ್ಲೇ ನಿಂತು, “ಅಮ್ಮಾ, ನಿನ್ನ ಮುಖಕ್ಕೆ ಎಂತಾಯ್ತು?” ಅಂದಳು. ಮರುದಿನವೇ ಮಂಗಳೂರಿಗೆ ಹೊರಡಿಸಿದಳು. ತಲಪಾಡಿ ಗಡಿ ದಾಟುವವರೆಗೂ ನಾನು ಜಗಳ ಮಾಡುತ್ತಲೇ ಇದ್ದೆ, ರಿಪೋರ್ಟ್ ನಾರ್ಮಲ್ ಇದೆ ಅಂತ.

ಡಾಕ್ಟರ್ ಮೇಡಂ ಎರಡೂ ರಿಪೋರ್ಟ್ ನೋಡಿದರು. ನಾಡಿ ಹಿಡಿದರು, 52. ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ವಾಪಸ್ ಬರುವಾಗ ಮಾತ್ರ ಆಲಸಿಯ ಹಾಗೆ ನಿಧಾನಕ್ಕೆ ಬಂತು. “ಜೂನಿನ ಈ ಕಾಗದದ ಪ್ರಕಾರ ನಿಮ್ಮ ಎದೆ ಡಬಡಬ ಹೊಡೆದುಕೊಳ್ಳಬೇಕಿತ್ತು, ತೂಕ ಇಳಿಯಬೇಕಿತ್ತು. ನಿಮ್ಮನ್ನು ನೋಡಿದರೆ ಪೂರ್ತಿ ಉಲ್ಟಾ ಉಂಟು” ಅಂದರು. ಆಮೇಲೆ ಒಂದೇ ಪ್ರಶ್ನೆ.

“ಕೂದಲಿಗೆ ಎಂತಾದರೂ ತಗೊಳ್ತಾ ಇದ್ದೀರಾ?”

ಆ ಕ್ಷಣ ನನಗೆ ಈಗಲೂ ಬೆವರು ಬರಿಸುತ್ತದೆ. ನಾನು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ಹಿಂಬದಿ ಓದಿದರು. ಬೈಯಲೂ ಇಲ್ಲ. “ಇದನ್ನು ನಿಲ್ಲಿಸಿ ನಾಲ್ಕು ದಿನ ಬಿಟ್ಟು ರಕ್ತ ಕೊಡಿ” ಅಂದರು.

ಟಿಎಸ್‌ಎಚ್ ಎಷ್ಟು ಗೊತ್ತುಂಟಾ? 58.4. ಐವತ್ತೆಂಟು. ಫ್ರೀ ಟಿ4 ನೆಲ ಕಚ್ಚಿತ್ತು. ಕೊಲೆಸ್ಟ್ರಾಲ್ ಬೇರೆ ಏರಿತ್ತು.

ಮೇಡಂ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಲ್ಯಾಬಿನಲ್ಲಿ ಹಾರ್ಮೋನ್ ಅಳೆಯುವ ಹಲವು ಕಿಟ್‌ಗಳಲ್ಲಿ ಬಯೋಟಿನ್ನನ್ನೇ ಕೊಕ್ಕೆಯ ಹಾಗೆ ಬಳಸುತ್ತಾರೆ. ನಮ್ಮ ರಕ್ತದಲ್ಲಿ ಆಗಲೇ ಬಯೋಟಿನ್ ತುಂಬಿ ತುಳುಕುತ್ತಿದ್ದರೆ ಆ ಕೊಕ್ಕೆಗೆ ಸಿಕ್ಕಿಕೊಳ್ಳಲು ಜಾಗವೇ ಸಿಗುವುದಿಲ್ಲ. ಆಗ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಟಿ4 ಇದ್ದದ್ದಕ್ಕಿಂತ ಜಾಸ್ತಿ. ಅಂದರೆ ಸೋಮಾರಿ ಗ್ರಂಥಿ ಕಾಗದದಲ್ಲಿ ಓಡುವ ಕುದುರೆ! ನಮಗೆ ದಿನಕ್ಕೆ ಬೇಕಾದ್ದು 30, 40 ಮೈಕ್ರೋಗ್ರಾಂ. ನಾನು ನುಂಗಿದ್ದು ಹತ್ತು ಸಾವಿರ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು ಅಂತ ಮಗಳು ಹುಡುಕಿ ತೋರಿಸಿದಳು. ಥೈರಾಯ್ಡ್ ಮಾತ್ರ ಅಲ್ಲ, ಹಾರ್ಟ್ ಅಟ್ಯಾಕ್ ಪತ್ತೆ ಮಾಡುವ ಟ್ರೊಪೋನಿನ್ ಟೆಸ್ಟ್ ಕೂಡ ಹೀಗೆ ಸುಳ್ಳು ಹೇಳಬಹುದಂತೆ.

ಒಟ್ಟಿನಲ್ಲಿ ಎರಡು ಡಬ್ಬಿಗಳು ನನ್ನ ಔಷಧಿಯನ್ನು ಹೊಟ್ಟೆಯಲ್ಲೇ ತಡೆದವು, ಇನ್ನೊಂದು ಡಬ್ಬಿ ಅದು ಯಾರಿಗೂ ಕಾಣದ ಹಾಗೆ ರಿಪೋರ್ಟನ್ನು ಮುಚ್ಚಿತು. ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆಯೋ, ಅವರಿಗೇ ಗೊತ್ತು. ಗೊತ್ತಿಲ್ಲದೆ ಆದರೆ ಇನ್ನೂ ಹೆದರಿಕೆ.

ಮನೆಗೆ ಬಂದು ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ಮಗಳ ಫೋನಿಂದ ಮಾಡಿದಾಗ ಎತ್ತಿದರು. 58 ಅಂದೆ. “ಮಂಗಳೂರಿನ ಲ್ಯಾಬ್‌ಗಳನ್ನು ನಂಬಬೇಡಿ ಟೀಚರೇ, ಅವರಿಗೆ ಕಮಿಷನ್ ಉಂಟು.” ಬಯೋಟಿನ್ ಅಂದೆ. “ಅದು ವಿಟಮಿನ್. ವಿಟಮಿನ್‌ನಿಂದ ಯಾರಿಗಾದರೂ ತೊಂದರೆ ಆಗ್ತದಾ?” ಡಬ್ಬಿಯ ಮೇಲೆ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಅಂತ ಇದೆ, ಔಷಧಿ ಅಂತ ಯಾಕೆ ಕೊಟ್ಟಿರಿ ಅಂದೆ. “ಅದು ಎಲ್ಲ ಡಬ್ಬಿಯಲ್ಲೂ ಬರೆದಿರ್ತಾರೆ. ಸಿಗರೇಟಲ್ಲಿ ಬರೆದಿಲ್ವಾ?” ನಾನು ಒಂದು ನಿಮಿಷ ಸುಮ್ಮನಾದೆ. ಆ ಹೋಲಿಕೆ ಅವರೇ ಕೊಟ್ಟದ್ದು, ನೆನಪಿರಲಿ.

ದುಡ್ಡು ವಾಪಸ್ ಕೇಳಿದೆ. “ಮುಚ್ಚಳ ತೆಗೆದಾಗಿದೆ ಅಲ್ವಾ.” ಮಾತ್ರೆ ನಿಲ್ಲಿಸಿ ಅಂದವರು ನೀವೇ ಅಲ್ವಾ ಅಂದೆ. ಆಗ ಆ ‘ನಮ್ಮವರು’ ಸ್ವರ ಹೋಯಿತು. “ನಾವು ಬರೆದು ಕೊಟ್ಟಿದ್ದೇವಾ? ನಿಲ್ಲಿಸಿದ್ದು ನೀವು. ನೀವು ಸೈನ್ಸ್ ಟೀಚರ್ ಬೇರೆ.”

ನೀವು ಸೈನ್ಸ್ ಟೀಚರ್ ಬೇರೆ! ರಾತ್ರಿ ಎಚ್ಚರವಾದಾಗಲೆಲ್ಲ ಈ ಮಾತು ಕಿವಿಯಲ್ಲಿ ಕೇಳುತ್ತದೆ.

ವಾಟ್ಸಪ್ ತೆಗೆದು ನೋಡಿದರೆ ಜೂನಿನ ಆ ಕಂಗ್ರಾಜುಲೇಷನ್ಸ್ ಸಂದೇಶ ಇನ್ನೂ ಇತ್ತು. ಮಗಳು ಆಗಲೇ ಅದನ್ನು ಬೇರೆ ಕಡೆ ಇಳಿಸಿಟ್ಟಳು. ಬಿಲ್ ಮಾತ್ರ ಇಲ್ಲ. ನನ್ನ ಹತ್ತಿರ ಇರುವುದು ಬಿಳಿ ಚೀಟಿಯಲ್ಲಿ ಕೈಯಲ್ಲಿ ಬರೆದ ಮೊತ್ತ, ಅದಕ್ಕೆ ಸಹಿಯೂ ಇಲ್ಲ, ಮತ್ತೆ ಗೂಗಲ್ ಪೇ ದಾಖಲೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡು ಸೆಟ್ಟಿಗೆ 22,300 ಹೋದದ್ದು ಬರುತ್ತದೆ ಅಂತ ಆಸೆ ಏನೂ ಇಲ್ಲ.

ಮಾತ್ರೆ ನುಂಗುವವರು ಟೆಸ್ಟಿಗೆ ಹೋಗುವಾಗ ಮನೆಯ ಎಲ್ಲ ಡಬ್ಬಿಗಳನ್ನೂ ಒಂದು ಚೀಲಕ್ಕೆ ತುಂಬಿಸಿ ಡಾಕ್ಟರಿಗೆ ತೋರಿಸಿ. ಕೂದಲಿನದ್ದು, ಉಗುರಿನದ್ದು, ಎಲ್ಲ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ. ಡಬ್ಬಿ ಮಾರುವವರ ಕೈಗೆ ರಕ್ತ ಕೊಡಬೇಡಿ. ಥೈರಾಯ್ಡ್ ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ, ಎಷ್ಟೇ ಚೆಂದದ ಕನ್ನಡದಲ್ಲಿ ಹೇಳಿದರೂ, ಬರೆದು ಸಹಿ ಹಾಕಿ ಕೊಡಿ ಅನ್ನಿ. ಮತ್ತೆ ಆ ಕಡೆಯಿಂದ ಮಾತೇ ಇರುವುದಿಲ್ಲ.

ನಾನು ಈಗ ವಾಪಸ್ 100ಕ್ಕೆ ಬಂದಿದ್ದೇನೆ. ಎಂಟು ವಾರ ಬಿಟ್ಟು ಮಾಡಿದ ಟೆಸ್ಟಿನಲ್ಲಿ 6.1. ಇನ್ನೂ ಸ್ವಲ್ಪ ಇಳಿಯಬೇಕು. ಬಳೆ ಇಳಿಯುತ್ತದೆ. ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತಿದೆ, ಅದಕ್ಕೆ ಕೆಲವು ತಿಂಗಳು ಬೇಕಂತೆ.

ನಾದಿನಿಗೆ ಎಲ್ಲವನ್ನೂ ಹೇಳಿದೆ. ಅವಳು ತನ್ನ ಮಾತ್ರೆ ನಿಲ್ಲಿಸಿರಲಿಲ್ಲ, ಅಷ್ಟು ಪುಣ್ಯ. “ಅತ್ತಿಗೆ, ನೀವು ಹೇಳಿದ್ದಕ್ಕೆ ತಗೊಂಡದ್ದು” ಅಂದಳು, ಬೇರೇನೂ ಅನ್ನಲಿಲ್ಲ. ಆ 500 ರೂಪಾಯಿ ಅವಳ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

ಶಿಬಿರ ಭಾನುವಾರ ಬೆಳಗ್ಗೆ ಹತ್ತಕ್ಕಂತೆ. ನಿಮ್ಮ ಮನೆಯಲ್ಲಿ ಯಾರಾದರೂ ಹೊರಟಿದ್ದರೆ ಇದನ್ನು ತೋರಿಸಿ.